ಕೊಳೆಯಲಿ ಎಂದು ಕಾದವಳು

ಎಂಬತ್ತೆರಡನೆಯ ದಿನ ಬೆಳಿಗ್ಗೆ ಅಕ್ಕ ಅಗೆಯಬಾರದ ಕುಂಡವೊಂದನ್ನು ಅಗೆದಳು. ‘ತೊಂಬತ್ತು ದಿನ ಯಾರೂ ಮುಟ್ಟಬಾರದು’ ಎಂದು ಅವಳೇ ದುಂಡನೆಯ ಅಕ್ಷರದಲ್ಲಿ ಬರೆದ ಚೀಟಿ ಕುಂಡದ ಹೊಟ್ಟೆಗೆ ಅಂಟಿಕೊಂಡಿತ್ತು. ‘ಯಾರೂ’ ಎಂಬುದರಲ್ಲಿ ತಾನು ಸೇರುತ್ತೇನೋ ಇಲ್ಲವೋ ಎಂದು ಒಂದು ವಾರ ಯೋಚಿಸಿ, ಇಲ್ಲವೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಮನೆಯಿಂದ ತಂದ ಹಳೆಯ ಚಮಚದಿಂದ ಮಣ್ಣು ಬಿಡಿಸಿದಳು. ಒಳಗೆ ಸಿಕ್ಕಿದ್ದನ್ನು ಕೊಡವಿ ಬಿಸಿಲಿಗೆ ಹಿಡಿದಳು. ಹುಗಿದ ದಿನ ಹೇಗಿತ್ತೋ ಹಾಗೇ ಇತ್ತು. ಅಂಚು ಕೂಡ ಬಿಟ್ಟಿರಲಿಲ್ಲ.

ಬೇರೆ ಯಾರಿಗಾದರೂ ತಾವು ಮಾಡಿದ ವಸ್ತು ಎಂಬತ್ತೆರಡು ದಿನ ಮಣ್ಣಿನಲ್ಲಿದ್ದೂ ಗಟ್ಟಿಯಾಗಿ ಉಳಿದರೆ ಹೆಮ್ಮೆಯಾಗುತ್ತಿತ್ತು. ಅಕ್ಕ ಅದನ್ನು ಮತ್ತೊಮ್ಮೆ ಎಳೆದು, ಹಿಸುಕಿ ನೋಡಿದಳು. ಅದು ಕೊಳೆಯಬೇಕಿತ್ತು. ಕೊಳೆಯುವುದೇ ಅದರ ಗುಣ, ಅದರ ಹೆಗ್ಗಳಿಕೆ, ಅದರ ಪೊಟ್ಟಣದ ಮೇಲೆ ಅಚ್ಚಾಗಲಿದ್ದ ಮಾತು.

ಅಕ್ಕ ಕೆಲಸ ಮಾಡುವುದು ಹೆಂಗಸರು ತಿಂಗಳ ದಿನಗಳಲ್ಲೂ ಹೆರಿಗೆಯ ನಂತರವೂ ಬಳಸುವ ಪ್ಯಾಡ್ ತಯಾರಿಸುವ ಒಂದು ಪುಟ್ಟ ಘಟಕದಲ್ಲಿ. ಮರದ ಸಾಮಾನಿನ ಗೋದಾಮಿನ ಮೇಲೆ ಮೂರು ಕೋಣೆ, ಅದರ ಮೇಲೆ ತಾರಸಿ. ಮೊದಲ ಕೋಣೆಯಲ್ಲಿ ಬಾಳೆಯ ನಾರನ್ನು ಬೇಯಿಸಿ, ಒಣಗಿಸಿ, ಹತ್ತಿಯ ಹಾಗೆ ಹಿಂಜುತ್ತಾರೆ. ಎರಡನೆಯದರಲ್ಲಿ ಅದನ್ನು ಅಚ್ಚಿನಲ್ಲಿ ಒತ್ತಿ, ಮೇಲೊಂದು ಹತ್ತಿಯ ಪದರ, ಕೆಳಗೊಂದು ಜೋಳದ ಪಿಷ್ಟದ ತೆಳು ಹಾಳೆ ಕೂರಿಸಿ ಅಂಚು ಮುಚ್ಚುತ್ತಾರೆ. ಮೂರನೆಯದರಲ್ಲಿ ಎಣಿಸಿ ಪೊಟ್ಟಣ ಕಟ್ಟುತ್ತಾರೆ. ಅಕ್ಕನಲ್ಲದೆ ಹನ್ನೊಂದು ಮಂದಿ ಹೆಂಗಸರು, ಅವರ ಮೇಲೊಬ್ಬ ಮೇಡಂ. ಪ್ಲಾಸ್ಟಿಕ್ಕಿನ ಒಂದು ಎಳೆಯೂ ಇಲ್ಲ ಎನ್ನುವುದೇ ಇವರ ಬಂಡವಾಳ. ‘ನಾರಿಯರಿಗಾಗಿ ನಾರಿನಿಂದ, ಆದರೂ ನಾರದು’ ಎಂದು ನಾನೊಂದು ಜಾಹೀರಾತು ಬರೆದುಕೊಟ್ಟಿದ್ದೆ. ಅದನ್ನು ಓದಿದ ಮೇಡಂ, “ನಿನ್ನ ತಮ್ಮನಿಗೆ ಬೇರೆ ಕೆಲಸ ಇಲ್ವಾ?” ಎಂದು ಅಕ್ಕನನ್ನು ಕೇಳಿದರಂತೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತಾರೆ. ಇಲ್ಲಿ ಹೂವಿನ ಶಿಫಾರಸಿಲ್ಲ. ನಾರು ಒಂಟಿಯಾಗಿ ಹೋಗಬೇಕು, ಅದೂ ಮಣ್ಣಿನ ದಾರಿಯಿಂದ.

ಅಕ್ಕನದು ಪರೀಕ್ಷೆ ಮಾಡುವ ಕೆಲಸ. ಪ್ರತಿ ಕಟ್ಟಿನಿಂದ ಒಂದು ಪ್ಯಾಡ್ ತೆಗೆದು ತೂಗಬೇಕು. ಕೆಂಪು ಬಣ್ಣ ಬೆರೆಸಿದ ನೀರನ್ನು ಸಿರಿಂಜಿನಿಂದ ಅಳತೆ ಪ್ರಕಾರ ಅದರ ಮೇಲೆ ಬಿಟ್ಟು, ಎಷ್ಟು ಸೆಕೆಂಡಿನಲ್ಲಿ ಹೀರಿತು, ಮೇಲೆ ಭಾರ ಹೇರಿದರೆ ಎಷ್ಟು ಹೊರಗೆ ಬಂತು ಎಂದು ಬರೆದಿಡಬೇಕು. ಹೀರಿಸುವುದೇ ಉದ್ಯೋಗವಾದ್ದರಿಂದ ಅಲ್ಲಿನ ಹೆಂಗಸರು ಅವಳನ್ನು ‘ಹೀರೋಯಿನ್’ ಎಂದು ಕರೆಯುತ್ತಾರೆ. ಐವತ್ತೊಂದನೆಯ ವಯಸ್ಸಿನಲ್ಲಿ ಬಂದ ಈ ಬಿರುದಿನಿಂದ ಅವಳಿಗಿಂತ ಭಾವನಿಗೇ ಹೆಚ್ಚು ಖುಷಿ.

ಹೆಸರಿಗೆ ಹೀರೋಯಿನ್, ಸ್ವಭಾವದಲ್ಲಿ ಪುಕ್ಕಲಿ. ನಾವಿಬ್ಬರೂ ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳಿಗೆಲ್ಲ ನನ್ನ ಸಿಸ್ಟರೆಂದರೆ ಪ್ರಾಣ. ಶಾಯಿ ಚೆಲ್ಲಿದವರು ಯಾರು ಎಂದು ಕೇಳಿದರೆ, ಚೆಲ್ಲದಿದ್ದರೂ ಎದ್ದು ನಿಲ್ಲುತ್ತಿದ್ದಳು. ಮರೆವಿನಲ್ಲಿ ತಾನೇ ಚೆಲ್ಲಿರಬಹುದೇನೋ ಎಂಬ ಭಯ. ಚೆಲ್ಲಿದ ನಾನು, ಎರಡು ತರಗತಿಗೆ ಒಂದೇ ಕೋಣೆಯಾದ್ದರಿಂದ, ಅವಳ ಹಿಂದಿನ ಬೆಂಚಿನಲ್ಲಿ ನೆಮ್ಮದಿಯಾಗಿ ಕೂತಿರುತ್ತಿದ್ದೆ.

ಈ ಘಟಕಕ್ಕೆ ಬರುವ ಮೊದಲು ಹನ್ನೆರಡು ವರ್ಷ ಅವಳು ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ನಿನ ಸಹಾಯಕಿಯಾಗಿದ್ದಳು. ಬಳಸಿದ ಪ್ಯಾಡುಗಳನ್ನು ಹಿತ್ತಲಿನ ಗುಂಡಿಗೆ ಹಾಕಿ ಮಣ್ಣು ಮುಚ್ಚಿಸುವುದು ಅವಳ ಕೆಲಸಗಳಲ್ಲೊಂದು. ಒಂದು ಸಲ ನೀರಿನ ತೊಟ್ಟಿ ಕಟ್ಟಲು ಅದೇ ಜಾಗ ಅಗೆಸಿದರು. ಒಂಬತ್ತು ವರ್ಷದ ಹಿಂದೆ ಅವಳೇ ನಿಂತು ಮುಚ್ಚಿಸಿದ್ದೆಲ್ಲ ಬಣ್ಣ ಮಾಸಿದ್ದು ಬಿಟ್ಟರೆ ಇದ್ದ ಹಾಗೇ ಎದ್ದುಬಂತು. ಅಗೆಯುತ್ತಿದ್ದ ಇಬ್ಬರು ಗಂಡಸರು ಸಲಿಕೆ ಎಸೆದು ಹೊರಟುಹೋದರು. ಅವಳು ಒಬ್ಬಳೇ ಕೈಗವಸು ಹಾಕಿಕೊಂಡು ಸಂಜೆಯವರೆಗೆ ಅದನ್ನೆಲ್ಲ ಚೀಲಕ್ಕೆ ತುಂಬಿದಳು. “ಆ ಹುಡುಗಿಯರಿಗೆ ಈಗ ಮದುವೆಯಾಗಿ ಮಕ್ಕಳಾಗಿವೆ ಕಣೋ, ಇವು ಮಾತ್ರ ಇನ್ನೂ ಹಾಸ್ಟೆಲಲ್ಲೇ ಇವೆ” ಎಂದು ನನ್ನ ಹತ್ತಿರ ಹೇಳಿದ್ದಳು. ಕೊಳೆಯುವ ಪ್ಯಾಡ್ ಮಾಡುವವರು ಇದ್ದಾರೆಂದು ತಿಳಿದದ್ದೇ ತಡ, ಅಲ್ಲಿಗೆ ಹೋಗಿ ಸೇರಿಕೊಂಡಳು.

ಈಗ ಕುಂಡಗಳ ವಿಷಯ. ಹಲವು ಹೆರಿಗೆ ಆಸ್ಪತ್ರೆಗಳಿಗೆ ಒಟ್ಟಾಗಿ ಸಾಮಾನು ಕೊಳ್ಳುವ ಒಂದು ಸಂಸ್ಥೆ ಎರಡು ವರ್ಷದ ಆರ್ಡರ್ ಕೊಡಲು ಒಪ್ಪಿತ್ತು. ಷರತ್ತು ಒಂದೇ: ಪ್ಯಾಡನ್ನು ತೊಂಬತ್ತು ದಿನ ಮಣ್ಣಿನಲ್ಲಿ ಹುಗಿದಿಡಬೇಕು, ಹತ್ತರಲ್ಲಿ ಒಂಬತ್ತು ಪಾಲು ಮಣ್ಣಾಗಬೇಕು, ತಮ್ಮ ಪರೀಕ್ಷಕಿ ಬಂದು ಕೈಯಾರೆ ಅಗೆದು ನೋಡುತ್ತಾರೆ. ಆರ್ಡರ್ ಸಿಕ್ಕಿದರೆ ಹನ್ನೊಂದು ಮಂದಿಗೂ ವಾರಪೂರ್ತಿ ಕೆಲಸ. ಸಿಗದಿದ್ದರೆ ವಾರಕ್ಕೆ ಮೂರೇ ದಿನ, ಆಮೇಲೆ ಬಹುಶಃ ಅದೂ ಇಲ್ಲ. ಅಕ್ಕ ತಾರಸಿಯಲ್ಲಿ ಹನ್ನೆರಡು ಕುಂಡ ಸಾಲಾಗಿಟ್ಟು ಒಂಬತ್ತರಲ್ಲಿ ಪ್ಯಾಡ್ ಹುಗಿದಳು. ಉಳಿದ ಮೂರರಲ್ಲಿ ಹಳೆಯ ಹತ್ತಿಯ ದುಪ್ಪಟಿಯ ತುಂಡು. ಇವಕ್ಕೆ ಸಾಕ್ಷಿ ಕುಂಡ ಎಂದು ಹೆಸರು. ಹತ್ತಿ ಬಟ್ಟೆ ಮಣ್ಣಿನಲ್ಲಿ ಕೊಳೆತೇ ಕೊಳೆಯುತ್ತದೆ. ಅದೂ ಕೊಳೆಯಲಿಲ್ಲವೆಂದರೆ ದೋಷ ಪ್ಯಾಡಿನದಲ್ಲ, ಮಣ್ಣಿನದು.

ಅಕ್ಕ ಗಾಬರಿಯಲ್ಲಿ ಸಾಕ್ಷಿಯನ್ನು ಮರೆತು ನೇರವಾಗಿ ಆರೋಪಕ್ಕೇ ಹೋದಳು. ಕೊಳೆಯದ ಪ್ಯಾಡನ್ನು ಮೇಡಂ ಮುಂದೆ ಇಟ್ಟಳು. ಮೇಡಂ ಕೆಳಗಿನ ಹಾಳೆಯನ್ನು ಎಳೆದು ನೋಡಿ, ಅದನ್ನು ಪೂರೈಸುವವನಿಗೆ ಅಲ್ಲೇ ಫೋನ್ ಮಾಡಿದರು.

“ಏನ್ರೀ, ಜೋಳದ್ದು ಅಂತ ಹೇಳಿ ಪ್ಲಾಸ್ಟಿಕ್ ಕಳಿಸಿದ್ದೀರಾ?”

“ಮೇಡಂ, ದೇವರಾಣೆ, ನನ್ನ ಹಾಳೆ ಹಾಳಾಗದೇ ಇರಲ್ಲ.”

“ಹಾಳಾಗಿಲ್ಲ ಅಂತಲೇ ರೀ ನಾನು ಹೇಳ್ತಿರೋದು!”

“ಹಾಗಂದ್ರೆ ಒಳ್ಳೆ ಹಾಳೆ ಅಂತಾಯ್ತಲ್ಲ ಮೇಡಂ?” ಎಂದ ಆತ ಗೊಂದಲಗೊಂಡು. ಮೇಡಂ ಫೋನ್ ಕುಕ್ಕಿದರು. ಬೇರೆ ಹಾಳೆಯವರನ್ನು ಹುಡುಕುವುದು ಅಂದೇ ಶುರುವಾಯಿತು.

ಮನೆಗೆ ಬರುವ ಬಸ್ಸಿನಲ್ಲಿ ಅಕ್ಕನಿಗೆ ಒಂದು ಮುಳ್ಳು ಚುಚ್ಚಿತು. ಕೆಳಗಿನ ಹಾಳೆ ಪ್ಲಾಸ್ಟಿಕ್ಕೇ ಇರಲಿ. ಮೇಲಿನ ಹತ್ತಿಗೆ ಏನಾಗಿತ್ತು ಧಾಡಿ? ನಾರಿಗೆ? ಅವೂ ಹಾಗೇ ಇದ್ದವಲ್ಲ! ಮರುದಿನವೆಲ್ಲ ಆ ಮುಳ್ಳನ್ನು ಹೊತ್ತು ತಿರುಗಿ, ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಾರಸಿಗೆ ಹೋಗಿ ಸಾಕ್ಷಿ ಕುಂಡವೊಂದನ್ನು ಅಗೆದಳು. ದುಪ್ಪಟಿಯ ತುಂಡು ಮಡಿಕೆ ಸಮೇತ ಹೊರಬಂತು. ಒಗೆದರೆ ಮತ್ತೆ ಹಾಸಬಹುದಿತ್ತು.

ಕುಂಡಗಳ ಮಣ್ಣಿನ ಮೇಲೆ ಒಂದು ತಿಂಗಳಿಂದ ಬೆಳ್ಳಗೆ ಏನೋ ಕಟ್ಟಿತ್ತು. ಬೂಷ್ಟು ಬಂದಿದೆ, ಕೊಳೆಯಲು ಶುರುವಾಗಿದೆ ಎಂದು ಅವಳು ಹಿಗ್ಗಿದ್ದೇ ಹಿಗ್ಗಿದ್ದು. ಫೋಟೋ ತೆಗೆದು ನನಗೂ ಕಳಿಸಿದ್ದಳು. ಈಗ ಅದನ್ನು ಉಗುರಿನಿಂದ ಕೆರೆದಳು. ಅದು ಪುಡಿಯಾಗಿ ಕರಕರ ಎಂದಿತು. ಬೂಷ್ಟು ಕರಕರ ಎನ್ನುವುದಿಲ್ಲ. ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡಳು.

ನನಗೆ ಫೋನ್ ಬಂತು.

“ಲೋ, ನಾನು ಕುಂಡಗಳಿಗೆ ಉಪ್ಪು ಹಾಕಿಬಿಟ್ಟಿದೀನಿ ಕಣೋ.”

“ರುಚಿಗೆ ತಕ್ಕಷ್ಟು ತಾನೇ?” ಎಂದೆ. ಎಂಥ ಜೋಕಿಗೂ ಬಯ್ಯುವಷ್ಟಾದರೂ ಮರ್ಯಾದೆ ಕೊಡುವ ಅಕ್ಕ ಫೋನ್ ಇಟ್ಟುಬಿಟ್ಟಳು. ಭಾನುವಾರ ಅವಳ ಮನೆಗೆ ಹೋದೆ.

ಊಟದ ಮೇಜಿನ ಮೇಲೆ ಪರೀಕ್ಷೆಯ ನೋಟ್‌ಬುಕ್ ಬಿಚ್ಚಿಕೊಂಡು ಕೂತಿದ್ದಳು. ಲಿಫ್ಟ್ ರಿಪೇರಿ ಮಾಡುವ ಭಾವ ಎದುರಿಗೆ ಕೂತು, ಕೆಟ್ಟ ಯಂತ್ರವನ್ನು ನೋಡುವ ಕಣ್ಣಿನಿಂದ ಅವಳನ್ನು ನೋಡುತ್ತಿದ್ದರು.

ನಡೆದದ್ದು ಇಷ್ಟು. ಪ್ಯಾಡಿನ ಪರೀಕ್ಷೆಗೆ ಕಲಸಿದ ಕೆಂಪು ನೀರು ದಿನವೂ ಒಂದೆರಡು ಲೀಟರ್ ಮಿಗುತ್ತಿತ್ತು. ಚೆಲ್ಲಲು ಅಕ್ಕನಿಗೆ ಮನಸ್ಸಿಲ್ಲ. ಕುಂಡಗಳನ್ನು ಒದ್ದೆಯಾಗಿಡಬೇಕಲ್ಲ, ಅವಕ್ಕೇ ಹಂಚಿ ಸುರಿಯುತ್ತಿದ್ದಳು. ಆಗ ಅದು ಬರೀ ಬಣ್ಣದ ನೀರು. ಕುಂಡ ಇಟ್ಟ ಹನ್ನೆರಡನೆಯ ದಿನ ಅವಳನ್ನು ಒಂದು ತರಬೇತಿಗೆ ಕಳಿಸಿದರು. ಮೈಯಿಂದ ಹೊರಡುವುದು ಸಪ್ಪೆ ನೀರಲ್ಲ, ಪರೀಕ್ಷೆಯ ನೀರಿಗೂ ಉಪ್ಪು ಬೆರೆಸಬೇಕು, ಲೀಟರಿಗೆ ಒಂಬತ್ತು ಗ್ರಾಂ, ಎಂದು ಅಲ್ಲಿ ಕಲಿತಳು. ಬಂದವಳೇ ಮೇಡಂಗೆ ಹೇಳಿ ಒಪ್ಪಿಸಿ ಬೆರೆಸತೊಡಗಿದಳು. ಬಕೆಟ್ ಅದೇ, ಬಣ್ಣ ಅದೇ, ಸಂಜೆ ತಾರಸಿಗೆ ಹತ್ತುವ ಕಾಲೂ ಅದೇ. ಪರೀಕ್ಷೆಯ ಮಟ್ಟಿಗೆ ನೆನಪಿದ್ದ ಉಪ್ಪು ಕುಂಡದ ಮಟ್ಟಿಗೆ ಮರೆತುಹೋಗಿತ್ತು. ಬಿಸಿಲಿಗೆ ನೀರು ಆರುತ್ತಿತ್ತು, ಉಪ್ಪು ಉಳಿಯುತ್ತಿತ್ತು. ಕೊಳೆಸಬೇಕಾದ, ಕಣ್ಣಿಗೆ ಕಾಣದ ಜೀವಿಗಳನ್ನು ಎರಡು ತಿಂಗಳು ಚಾಚೂ ತಪ್ಪದೆ ಅವಳೇ ಕೊಂದಿದ್ದಳು.

“ಮೇಡಂಗೆ ಹೇಳಿದ್ಯಾ?” ಎಂದೆ.

“ಇಲ್ಲ. ಹೇಗೆ ಹೇಳಲಿ? ಅವರು ಹಾಳೆಯವನನ್ನ ಬಿಡಿಸ್ತಿದಾರೆ. ಅವನು ಪಾಪ ದೇವರಾಣೆ ಹಾಕ್ತಿದ್ದ.” ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದಳು. “ಎಲ್ಲಾ ಬರ್ದಿದೀನಿ ನೋಡು. ತೂಕ, ಸೆಕೆಂಡು, ಬಿಸಿಲು, ಮೋಡ. ಇದೊಂದು ಬರ್ದಿಲ್ಲ. ಹನ್ನೊಂದು ಜನರ ಕೆಲಸ ಕಣೋ. ಅದರಲ್ಲಿ ನಾಲ್ಕು ಜನರ ಮನೇಲಿ ಬೇರೆ ಯಾರೂ ದುಡಿಯೋರಿಲ್ಲ.”

“ಪರೀಕ್ಷಕಿ ಬರೋ ಶುಕ್ರವಾರದೊಳಗೆ ಮಣ್ಣು ತೊಳೆದರೆ?” ಎಂದರು ಭಾವ.

“ಮಣ್ಣನ್ನ ಏನ್ರೀ ತೊಳೀತೀರಾ? ತೊಂಬತ್ತು ದಿನದ ಕೆಲಸ ಐದು ದಿನದಲ್ಲಿ ಆಗುತ್ತಾ?”

ಅವಳು ಅಂದು ಊಟಕ್ಕೂ ಕೂರಲಿಲ್ಲ. ಬಡಿಸಿದಳು, ತಟ್ಟೆಗಳ ಸುತ್ತ ನಡೆದಾಡಿದಳು, ಯಾರೂ ಕೇಳದಿದ್ದರೂ “ಉಪ್ಪು ಸರಿಯಾಗಿದೆಯಾ?” ಎಂದು ವಾಡಿಕೆಯಂತೆ ಕೇಳಿ, ಕೇಳಿದ್ದಕ್ಕೆ ತಾನೇ ಬೆಚ್ಚಿದಳು.

ಸೋಮವಾರ ಹೇಳಿದಳು. ಮೇಡಂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು ಎಂದು ಅಕ್ಕ ಆಮೇಲೆ ಹೇಳಿದಳು. ಎದ್ದು ಬಾಗಿಲು ಮುಚ್ಚಿ ಬಂದು, ಮೆಲ್ಲಗೆ ಮಾತು ತೆಗೆದರು.

“ನರ್ಸರಿಯಿಂದ ಗೊಬ್ಬರದ ಮಣ್ಣು ತರಿಸ್ತೀನಿ. ಕುಂಡ ಇವೇ ಇರಲಿ. ಪ್ಯಾಡನ್ನ ಹರಿದು ಒಂದೆರಡು ಚೂರು ಮಾತ್ರ ಒಳಗೆ ಹಾಕು. ಸಾಕ್ಷಿಗೆ ನಾಲ್ಕು ದಾರ.”

“ಮೇಡಂ…”

“ನಾವೇನೂ ಸುಳ್ಳು ಹೇಳ್ತಿಲ್ಲಮ್ಮ. ನಮ್ಮ ಪ್ಯಾಡ್ ಕೊಳೆಯುತ್ತೆ ಅಂತ ನಮಗೆ ಗೊತ್ತು. ಗೊತ್ತಿರೋದನ್ನೇ ತೋರಿಸ್ತೀವಿ, ಅಷ್ಟೆ.”

“ನಮಗೆ ಗೊತ್ತಿಲ್ಲ ಮೇಡಂ,” ಎಂದಳು ಅಕ್ಕ. “ಗೊತ್ತುಮಾಡ್ಕೊಳ್ಳೋಕೇ ಅಲ್ವಾ ಹುಗಿದಿದ್ದು?”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸರಿ. ಹಾಗಾದ್ರೆ ಹೊರಗಡೆ ಇರೋ ಹನ್ನೊಂದು ಜನಕ್ಕೂ ನೀನೇ ಹೇಳು. ನನ್ನ ಕೈಲಾಗಲ್ಲ.”

ಹೇಳಿದ್ದು ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಎಲ್ಲರೂ ಡಬ್ಬಿ ಬಿಚ್ಚಿದ ಮೇಲೆ. ಬಿಚ್ಚುವ ಮೊದಲು ಹೇಳಿದರೆ ಯಾರೂ ಉಣ್ಣುವುದಿಲ್ಲ, ಉಂಡ ಮೇಲೆ ಹೇಳಿದರೆ ಅರಗುವುದಿಲ್ಲ ಎಂದು ಅಳೆದೂ ಸುರಿದೂ ಆರಿಸಿದ ಹೊತ್ತು. ನಾರು ಬೇಯಿಸುವವಳು ತುತ್ತನ್ನು ಕೈಯಲ್ಲೇ ಹಿಡಿದು ಕೂತಳು. ಅಚ್ಚು ಒತ್ತುವವಳೊಬ್ಬಳು ಅತ್ತಳು. ಪೊಟ್ಟಣ ಕಟ್ಟುವವಳು, ಎಲ್ಲರೂ ‘ಪ್ಯಾಕಿಂಗಮ್ಮ’ ಎಂದು ಕರೆಯುವ ಗಟ್ಟಿ ಬಾಯಿಯ ಹೆಂಗಸು, ಡಬ್ಬಿಯ ಮುಚ್ಚಳ ಹಾಕಿದಳು.

“ಉಪ್ಪು ತಿಂದವರು ನೀರು ಕುಡೀಬೇಕು ಅಂತಾರೆ ಹೀರೋಯಿನ್ನಮ್ಮ. ಇಲ್ಲಿ ನೋಡು, ಉಪ್ಪು ಹಾಕಿದ್ದು ನೀನು, ನೀರು ಕುಡಿಯೋರು ನಾವು.”

ಅಕ್ಕ ತಲೆ ಬಗ್ಗಿಸಿ ನಿಂತಳು. ಮಾತು ಸರಿಯಾಗಿಯೇ ಇತ್ತು.

ಶುಕ್ರವಾರ ಪರೀಕ್ಷಕಿ ಬಂದರು. ಗಿಡ್ಡ ಹೆಂಗಸು, ಚೀಲದಲ್ಲಿ ಸ್ವಂತ ಸಲಿಕೆ, ಜರಡಿ, ಪುಟ್ಟ ತಕ್ಕಡಿ. ಕಾಫಿ ಬೇಡವೆಂದು ನೇರವಾಗಿ ತಾರಸಿಗೆ ಹತ್ತಿದರು. ಹಿಂದೆ ಮೇಡಂ, ಅವರ ಹಿಂದೆ ಅಕ್ಕ. ಪರೀಕ್ಷಕಿ ಮೊದಲ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸಲಿಕೆ ಎತ್ತುವಷ್ಟರಲ್ಲಿ ಅಕ್ಕ, “ಅಗೀಬೇಡಿ, ಅದು ಕೊಳೆತಿಲ್ಲ. ನನ್ನ ತಪ್ಪು” ಎಂದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ಎಂಬತ್ತೆರಡನೆಯ ದಿನ ಕದ್ದು ಅಗೆದದ್ದನ್ನೂ ಬಿಡಲಿಲ್ಲ.

“ಒಟ್ಟು ಎಷ್ಟು ಉಪ್ಪು?”

“ಕುಂಡಕ್ಕೆ ಹತ್ತಿರ ಹತ್ತಿರ ನೂರು ಗ್ರಾಂ.”

ಪರೀಕ್ಷಕಿ ಹನ್ನೆರಡು ಕುಂಡಗಳ ಸಾಲನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದರು. “ನೀವು ಪರೀಕ್ಷೆ ಮಾಡಿಲ್ಲಮ್ಮ, ಉಪ್ಪಿನಕಾಯಿ ಹಾಕಿದ್ದೀರಿ.” ನಗಲಿಲ್ಲ. ಆದರೂ ಪ್ರತಿಯೊಂದು ಕುಂಡವನ್ನೂ ಅಗೆದು, ತೂಗಿ, ಬರೆದುಕೊಂಡರು. ‘ರದ್ದು’ ಎಂದು ಕೊನೆಯಲ್ಲಿ ಬರೆದದ್ದನ್ನು ಅಕ್ಕ ತಲೆಕೆಳಗಾಗಿಯೇ ಓದಿದಳು. “ಮೊದಲಿಂದ ಮಾಡಿ. ತೊಂಬತ್ತು ದಿನಕ್ಕೆ ಮತ್ತೆ ಬರ್ತೀನಿ. ಅಷ್ಟರೊಳಗೆ ಬೇರೆಯವರು ಪಾಸಾದ್ರೆ ಆರ್ಡರ್ ಅವರಿಗೆ ಹೋಗುತ್ತೆ. ಅದು ನನ್ನ ಕೈಯಲ್ಲಿಲ್ಲ.”

ಮುಂದಿನ ವಾರದಿಂದ ಕೆಲಸ ಮೂರು ದಿನಕ್ಕೆ ಇಳಿಯಿತು. ಇಬ್ಬರು ಬಟ್ಟೆ ಒಗೆಯುವ ಲಾಂಡ್ರಿಗೆ ಸೇರಿಕೊಂಡು ಹೊರಟುಹೋದರು. ಮೇಡಂ ಹಾಳೆಯವನ ಕ್ಷಮೆ ಕೇಳಿ ಮತ್ತೆ ಹಾಳೆ ತರಿಸಿದರು. ಅಕ್ಕ ಹೊಸ ಕುಂಡ, ಹೊಸ ಮಣ್ಣು, ಹೊಸ ದುಪ್ಪಟಿ ತುಂಡು ಹಾಕಿ ಮೊದಲನೆಯ ದಿನ ಎಂದು ಬರೆದಳು.

ಈ ಸಲದ ಆತಂಕ ಹಿಂದಿನದರ ಅಪ್ಪನಂಥದ್ದು. “ಹೋದ ಸಲ ಕೊಳೀಲಿಲ್ಲ ಅಂದ್ರೆ ಉಪ್ಪಿತ್ತು,” ಎಂದಳು ನನ್ನ ಹತ್ತಿರ. “ಈ ಸಲ ಕೊಳೀಲಿಲ್ಲ ಅಂದ್ರೆ? ಅದು ಕೊಳೆಯೋದೇ ಇಲ್ಲ ಅಂತ ತಾನೇ? ಹಾಸ್ಟೆಲ್ಲಿನಲ್ಲಿ ನಾನು ಹುಗಿಸಿದ್ದನ್ನೇ ಇಲ್ಲೂ ಮಾಡ್ತಿದೀನಿ ಅಂತ ತಾನೇ?” ನಾನು ಸಮಾಧಾನಕ್ಕೆ ಏನೋ ಹೇಳಿದೆ. ಜೋಕು ಮಾಡಲಿಲ್ಲ, ಬರಲೂ ಇಲ್ಲ.

ಪ್ಯಾಕಿಂಗಮ್ಮ ತನಗೆ ತಾನೇ ಒಂದು ಕೆಲಸ ವಹಿಸಿಕೊಂಡಳು. ಅಕ್ಕ ನೀರಿನ ಕೊಡ ಹಿಡಿದು ತಾರಸಿಯ ಮೆಟ್ಟಿಲಿಗೆ ಕಾಲಿಟ್ಟರೆ ಅಡ್ಡ ನಿಂತು, ಒಂದು ಬೊಗಸೆ ಕುಡಿದು, ಬಾಯಿ ಚಪ್ಪರಿಸಿ, “ಸಪ್ಪೆ. ಹೋಗು” ಎನ್ನುತ್ತಿದ್ದಳು. ಮೊದಮೊದಲು ಅದು ಚುಚ್ಚುಮಾತಾಗಿತ್ತು. ದಿನ ಕಳೆದಂತೆ ಕೆಲಸವಿಲ್ಲದ ದಿನವೂ ಅವಳು ಅದಕ್ಕೆಂದೇ ಬರತೊಡಗಿದಳು. ಅಕ್ಕನ ಚಮಚವನ್ನು ಕಿತ್ತುಕೊಂಡು ತನ್ನ ಚೀಲದಲ್ಲಿಟ್ಟುಕೊಂಡಿದ್ದಳು. “ನಡುವೆ ಅಗೆಯೋ ರೋಗ ನಿನಗೆ. ತೊಂಬತ್ತಕ್ಕೇ ಕೊಡೋದು.”

ಅರವತ್ತು ದಿನದ ಹೊತ್ತಿಗೆ ಇನ್ನೊಂದು ಘಟಕ ಯಾವಾಗಲೋ ಪರೀಕ್ಷೆಗೆ ಕುಂಡ ಇಟ್ಟಾಗಿದೆ ಎಂಬ ಸುದ್ದಿ ಬಂತು. ಅಂದಿನಿಂದ ಅಕ್ಕ ದಿನಕ್ಕೆ ನಾಲ್ಕು ಸಲ ತಾರಸಿಗೆ ಹತ್ತತೊಡಗಿದಳು. ಕುಂಡಗಳ ಹತ್ತಿರ ಹೋಗಿ ಮೂಗು ಒಡ್ಡುತ್ತಿದ್ದಳು. ಸ್ವಲ್ಪ ವಾಸನೆ ಬಂದ ಹಾಗಾದರೆ ಭಾವನಿಗೆ ಫೋನ್ ಮಾಡಿ, “ನಾರ್ತಿದೆ ಕಣ್ರೀ!” ಎನ್ನುವಳು. ಐದು ನಿಮಿಷ ಬಿಟ್ಟು ಮತ್ತೆ ಫೋನ್: “ಇಲ್ಲ, ಕೆಳಗಡೆ ನಾರು ಬೇಯಿಸ್ತಿರೋ ವಾಸನೆ ಅದು.”

ತೊಂಬತ್ತನೆಯ ದಿನ ಕುಂಡ ಎತ್ತಿಕೊಡಲು ಎಂಬ ನೆಪದಲ್ಲಿ ನಾನೂ ಹೋದೆ. ಪರೀಕ್ಷಕಿ ಬಂದರು, ಕಾಫಿ ಈ ಸಲವೂ ಬೇಡವೆಂದರು. ಉಳಿದ ಒಂಬತ್ತು ಹೆಂಗಸರೂ ತಾರಸಿಯ ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು. ಪರೀಕ್ಷಕಿ ಮೊದಲು ಸಾಕ್ಷಿ ಕುಂಡ ತೆಗೆದರು. ದುಪ್ಪಟಿ ಎಂಬುದು ಒಂದೆರಡು ಕಪ್ಪು ದಾರವಾಗಿತ್ತು. ಅಕ್ಕ ಕಣ್ಣು ಮುಚ್ಚಿ ತೆರೆದಳು. ಮಣ್ಣು ಸರಿಯಿದೆ ಎಂದಷ್ಟೇ ಆಯಿತು. ನೆಪ ಹೇಳಲು ಇನ್ನು ದಾರಿಯಿಲ್ಲ.

ಮೊದಲ ಪ್ಯಾಡಿನ ಕುಂಡವನ್ನು ಜರಡಿಯ ಮೇಲೆ ಬೋರಲು ಹಾಕಿದರು. ಹಸಿಮಣ್ಣಿನ ವಾಸನೆ ಎದ್ದಿತು. “ಹುಡುಕಿ,” ಎಂದರು ಪರೀಕ್ಷಕಿ. ಅಕ್ಕ ಮೊಣಕಾಲೂರಿ ಎರಡೂ ಕೈಯನ್ನು ಮಣ್ಣಿಗೆ ಹಾಕಿದಳು. ಸಿಗದಿರಲಿ ಎಂದು ಬೇಡಿಕೊಳ್ಳುತ್ತಾ ಮನುಷ್ಯರು ಒಂದು ವಸ್ತುವನ್ನು ಹೇಗೆ ಹುಡುಕುತ್ತಾರೆಂದು ನಾನು ನೋಡಿದ್ದು ಅಂದೇ. ಹೆಂಟೆ ಒಡೆದಳು, ಬೆರಳ ಸಂದಿನಿಂದ ಸೋಸಿದಳು. ಹತ್ತಿ ಇರಲಿಲ್ಲ. ನಾರು ಇರಲಿಲ್ಲ. ಹಾಳೆಯದು ಉಗುರಿನಷ್ಟು ಅಗಲದ ಎರಡು ಚೂರು ಸಿಕ್ಕವು, ಮುಟ್ಟಿದರೆ ಪುಡಿಯಾದವು. ಕೊನೆಗೆ ಬೆರಳಿಗೆ ಏನೋ ತೊಡರಿತು. ಒಳ ಉಡುಪಿಗೆ ಅಂಟಿಸಲು ಬಳಿದಿದ್ದ ಅಂಟಿನ ಪಟ್ಟಿ, ಉದ್ದಕ್ಕೆ, ಹಾಗೇ.

“ಇದು ಕೊಳೆತಿಲ್ಲ,” ಎಂದು ತಾನಾಗಿಯೇ ಎತ್ತಿ ತೋರಿಸಿದಳು.

“ಕಾಣಿಸ್ತು.” ಪರೀಕ್ಷಕಿ ಅದನ್ನು ತೊಳೆದು, ಒರೆಸಿ, ತಕ್ಕಡಿಗೆ ಹಾಕಿದರು. ಚೂರುಗಳನ್ನೂ ಹಾಕಿದರು. ಬರೆದುಕೊಂಡರು. ಎರಡನೆಯ ಕುಂಡ. ಮೂರನೆಯದು. ಎಲ್ಲದರಲ್ಲೂ ಅದೇ: ಅಂಟಿನ ಒಂದು ಪಟ್ಟಿ, ಮಿಕ್ಕದ್ದೆಲ್ಲ ಮಣ್ಣು. ಒಂಬತ್ತನೆಯದನ್ನು ತೂಗಿದ ಮೇಲೆ ಪರೀಕ್ಷಕಿ ಕೂಡಿ, ಭಾಗಿಸಿ, ಪೆನ್ನಿನ ಮುಚ್ಚಳ ಹಾಕಿದರು.

“ನೂರಕ್ಕೆ ತೊಂಬತ್ತಮೂರು ಹೋಗಿದೆ. ತೊಂಬತ್ತು ಸಾಕಿತ್ತು. ಆದ್ರೆ ‘ಪೂರ್ತಿ ಮಣ್ಣಾಗುತ್ತದೆ’ ಅಂತ ಪೊಟ್ಟಣದ ಮೇಲೆ ಹಾಕೋ ಹಾಗಿಲ್ಲ. ‘ಅಂಟಿನ ಪಟ್ಟಿ ಹೊರತು’ ಅಂತ ಸೇರಿಸಬೇಕು. ಒಂದು ವರ್ಷದೊಳಗೆ ಅಂಟು ಬದಲಾಯಿಸಬೇಕು. ಒಪ್ಪಿಗೇನಾ?”

“ಆ ಇನ್ನೊಬ್ಬರು…?” ಎಂದರು ಮೇಡಂ.

“ಅವರಿಗೆ ಇನ್ನೂ ಇಪ್ಪತ್ತು ದಿನ ಬಾಕಿ ಇದೆ. ಆರ್ಡರ್ ನಿಮ್ಮದು.”

ಬಾಗಿಲಲ್ಲಿ ಗದ್ದಲವೆದ್ದಿತು. ಯಾರೋ ಯಾರನ್ನೋ ತಬ್ಬಿಕೊಂಡರು. ಲಾಂಡ್ರಿಗೆ ಹೋದ ಇಬ್ಬರಿಗೆ ಫೋನ್ ಮಾಡಲು ಒಬ್ಬಳು ಓಡಿದಳು. ಮೇಡಂ ಪರೀಕ್ಷಕಿಯನ್ನು ಕರೆದುಕೊಂಡು ಕೆಳಗಿಳಿದರು. ಅಕ್ಕ ಮಾತ್ರ ಏಳಲಿಲ್ಲ. ಒಂಬತ್ತನೆಯ ಕುಂಡದ ಮಣ್ಣನ್ನು ಮತ್ತೆ ಜರಡಿಗೆ ಹಾಕಿ ಬೆರಳಾಡಿಸುತ್ತಲೇ ಇದ್ದಳು.

ಪ್ಯಾಕಿಂಗಮ್ಮ ಬಂದು ಅವಳ ಪಕ್ಕದಲ್ಲಿ ಕುಕ್ಕರಿಸಿದಳು. “ಏನಮ್ಮಾ ಹುಡುಕ್ತಿದ್ದೀಯ ಇನ್ನೂ?”

“ಏನೂ ಇಲ್ಲ ತಾನೇ ಅಂತ…”

“ಏನೂ ಇಲ್ಲ.”

“ಸರಿಯಾಗಿ ನೋಡಿದ್ಯಾ?”

ಪ್ಯಾಕಿಂಗಮ್ಮ ನಿಟ್ಟುಸಿರು ಬಿಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು, ತಾನೂ ಎರಡು ಕೈಯನ್ನು ಮಣ್ಣಿಗೆ ಹಾಕಿದಳು.